ಹಕ್ಕಿ ಪತ್ತೆ ರೇಡಾರ್

ವಿಮಾನಗಳಿಗೆ ಅಪಾಯ ತರಬಲ್ಲ ಹಕ್ಕಿಗಳ ಜಾಗ, ಎತ್ತರ ಮತ್ತು ಹಾರುವ ದಿಕ್ಕನ್ನು ರೇಡಿಯೊ ಅಲೆಗಳಿಂದ ಗುರುತಿಸುವ ಸಾಧನ. ಹಕ್ಕಿಯ ಮೈಯಲ್ಲಿರುವ ನೀರಿನಂಶಕ್ಕೆ ತಾಗಿದ ಅಲೆ ಮರಳಿ ಬರುತ್ತದೆ. ಅದರಿಂದ ಕತ್ತಲಲ್ಲೂ ಹಿಂಡಿನ ಸುಳಿವು ಸಿಗುತ್ತದೆ.

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ರೇಡಾರ್ ಪರದೆಗಳ ಮೇಲೆ ವಿಮಾನಗಳಿಲ್ಲದ ಕಡೆಯೂ ಗುರುತುಗಳು ಮೂಡುತ್ತಿದ್ದವು. ಅವುಗಳಲ್ಲಿ ಹಲವು ಹಕ್ಕಿಗಳದ್ದೆಂದು ಡೇವಿಡ್ ಲ್ಯಾಕ್ ಮತ್ತು ಜಾರ್ಜ್ ವಾರ್ಲಿ 1945ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತಿಳಿಸಿದರು. ಆಗ ಇದು ವಲಸೆಯ ಅಧ್ಯಯನಕ್ಕೆ ಸಂಬಂಧಿಸಿದ ಸಂಗತಿಯಾಗಿತ್ತು. 1960ರ ಅಕ್ಟೋಬರ್ 4ರಂದು ಬಾಸ್ಟನ್‌ನಲ್ಲಿ ಮೇಲೇರುತ್ತಿದ್ದ ವಿಮಾನದ ಎಂಜಿನ್‌ಗಳಿಗೆ ಸ್ಟಾರ್ಲಿಂಗ್ ಹಿಂಡು ನುಗ್ಗಿ 62 ಮಂದಿ ಸತ್ತ ಮೇಲೆ ಅದು ಪ್ರಾಣರಕ್ಷಣೆಯ ಪ್ರಶ್ನೆಯಾಯಿತು.

ಸಾಮಾನ್ಯ ವಿಮಾನ ನಿಲ್ದಾಣದ ರೇಡಾರ್ ಇದಕ್ಕೆ ಒದಗುವುದಿಲ್ಲ. ನಿಧಾನವಾಗಿ ಚಲಿಸುವ ಸಣ್ಣ ಗುರುತುಗಳನ್ನು ಅಳಿಸಿಹಾಕುವಂತೆಯೇ ಅದನ್ನು ರೂಪಿಸಲಾಗಿದೆ. ಹೀಗಾಗಿ ಹಡಗಿನ ರೇಡಾರ್‌ಗಳನ್ನು ಕಂಪ್ಯೂಟರ್‌ಗೆ ಜೋಡಿಸಿ, ಒಂದರಿಂದ ಸುತ್ತಲಿನ ಹರವನ್ನೂ ಇನ್ನೊಂದರಿಂದ ಎತ್ತರವನ್ನೂ ಅಳೆಯುವ ಪ್ರತ್ಯೇಕ ವ್ಯವಸ್ಥೆಗಳು ಬಂದವು. 2009ರ ಜನವರಿಯಲ್ಲಿ ನ್ಯೂಯಾರ್ಕಿನ ವಿಮಾನವೊಂದು ಹೆಬ್ಬಾತುಗಳಿಗೆ ಡಿಕ್ಕಿಯಾಗಿ ಹಡ್ಸನ್ ನದಿಗೆ ಇಳಿದ ಮೇಲೆ ಇವುಗಳ ಬಗ್ಗೆ ಆಸಕ್ತಿ ಹೆಚ್ಚಿತು. ಮುಂದಿನ ವರ್ಷ ಅಮೆರಿಕ ಇವುಗಳ ಬಳಕೆಗೆ ಮಾರ್ಗಸೂಚಿ ಹೊರಡಿಸಿತು. ದಕ್ಷಿಣ ಆಫ್ರಿಕಾದ ಡರ್ಬನ್‌ನದು ಇನ್ನೂ ಅನುಕರಣೀಯ ಉದಾಹರಣೆ. 2010ರಲ್ಲಿ ತೆರೆದ ಅಲ್ಲಿನ ನಿಲ್ದಾಣದ ಪಕ್ಕದ ಜೊಂಡಿನ ಹೊಂಡದಲ್ಲಿ ಕವಲುತೋಕೆ ಹಕ್ಕಿಗಳು ಭಾರಿ ಸಂಖ್ಯೆಯಲ್ಲಿ ತಂಗುತ್ತಿದ್ದವು. ಹೊಂಡವನ್ನು ಬತ್ತಿಸದೆ, ರೇಡಾರ್ ಇಟ್ಟು ಹಿಂಡಿನ ಮೇಲೆ ಕಣ್ಣಿಡಲಾಯಿತು.

ಭಾರತದಲ್ಲಿ ಹಕ್ಕಿ ಡಿಕ್ಕಿ ತಡೆಯುವ ಮೊದಲ ಆಸರೆ ಕಾಯ್ದೆ ಮತ್ತು ಸ್ವಚ್ಛತೆ. 1937ರ ವಿಮಾನ ನಿಯಮಗಳ 91ನೇ ನಿಯಮವು ವಿಮಾನ ನಿಲ್ದಾಣದಿಂದ 10 ಕಿ.ಮೀ. ಒಳಗೆ ಪ್ರಾಣಿವಧೆ ಮಾಡಿ ಅಥವಾ ಕಸ ಸುರಿದು ಹಕ್ಕಿಗಳನ್ನು ಸೆಳೆಯುವುದನ್ನು ನಿರ್ಬಂಧಿಸಿತು. 2025ರಲ್ಲಿ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆದಾಗ ಬೆಂಗಳೂರಿನ ಪಾಲಿಕೆ ಯಲಹಂಕ ವಾಯುನೆಲೆಯ 13 ಕಿ.ಮೀ. ಸುತ್ತ ಮಾಂಸ ಮಾರಾಟ ನಿಲ್ಲಿಸಿದ್ದು ಹದ್ದುಗಳ ಭಯದಿಂದಲೇ.

ಆದರೆ ಹಕ್ಕಿಗಳನ್ನು ಸೆಳೆಯುವುದು ಕಸವೊಂದೇ ಅಲ್ಲ. ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿ ಗಿಣಿಗೇರಿ ಹತ್ತಿರ ಖಾಸಗಿ ಕಂಪನಿಯೊಂದರ ವಿಮಾನ ಪಟ್ಟಿ ಇದೆ. ತುಂಗಭದ್ರಾ ಜಲಾಶಯದ ಹಿನ್ನೀರು ಅಲ್ಲಿಂದ ದೂರವಿಲ್ಲ. ಚಳಿಗಾಲದಲ್ಲಿ ಹಿಮಾಲಯ ದಾಟಿ ಈ ಭಾಗಕ್ಕೆ ಬರುವ ಪಟ್ಟೆತಲೆ ಹೆಬ್ಬಾತು ಎರಡು ಮೂರು ಕಿಲೊ ತೂಗುತ್ತದೆ. ಹಿಂಡಿನಲ್ಲಿ ಹಾರುವ ಅದು ಎಂಜಿನ್‌ಗೆ ಸಣ್ಣ ಅಪಾಯವಲ್ಲ. ಹಗಲು ನೀರಿನ ಬಳಿ ತಂಗಿ, ಮುಸ್ಸಂಜೆ ಮತ್ತು ನಸುಕಿನಲ್ಲಿ ಹೊಲಗಳಿಗೆ ಹೋಗುವುದು ಅದರ ರೂಢಿ. ಇದೇ ಜಿಲ್ಲೆಯ ಗಂಗಾವತಿಯ ಭತ್ತದ ಗದ್ದೆಗಳೂ ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹೊಲಗಳೂ ಬೇರೆ ಬೇರೆ ಹಕ್ಕಿಗಳನ್ನು ಬೇರೆ ಬೇರೆ ಕಾಲದಲ್ಲಿ ಸೆಳೆಯುತ್ತವೆ. ರೇಡಾರ್ ಗುರುತಿನಿಂದ ಜಾತಿಯನ್ನು ಖಚಿತವಾಗಿ ಹೇಳುವುದು ಕಷ್ಟ. ಆದ್ದರಿಂದ ಇಂಥ ನೆಲದಲ್ಲಿ ನಿತ್ಯದ ವಿಮಾನ ಸಂಚಾರಕ್ಕೆ ಮುನ್ನ ಕೆರೆ, ಹಿನ್ನೀರು, ಹೊಲಗಳ ನಡುವಿನ ಹಕ್ಕಿಗಳ ಓಡಾಟವನ್ನು ಇಡೀ ವರ್ಷ ದಾಖಲಿಸಬೇಕು.