ಪರದೆಯ ಮೇಲಿನ ನೆಲಗಟ್ಟು

ಕೆಲವು ವರ್ಷಗಳ ಹಿಂದೆ ನಾನು ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರವೊಂದರಲ್ಲಿ ದೇವಾಲಯದ ಜೀರ್ಣೋದ್ಧಾರದ ಮಾತು ನಡೆದಿತ್ತು. ವಾಸ್ತುಶಿಲ್ಪಿಯವರು ಪಾಲನಾ ಸಮಿತಿಯ ಮುಂದೆ ಕಂಪ್ಯೂಟರಿನಲ್ಲಿ ರಚಿಸಿದ ಚಿತ್ರವೊಂದನ್ನು ತೆರೆದಿಟ್ಟರು. ಬಾಗಿಲಿನಿಂದ ಬಲಿಪೀಠದವರೆಗೂ ಹಾಲಿನಂತಹ ನೆಲ, ಆ ನೆಲದಲ್ಲಿ ಕಿಟಕಿಗಳ ಪ್ರತಿಬಿಂಬ! ಅದು ಚಿತ್ರವೆಂಬುದನ್ನೇ ಮರೆತು, ನಾವೆಲ್ಲರೂ ಹತ್ತು ನಿಮಿಷಗಳಲ್ಲಿ ತಲೆಯಾಡಿಸಿದೆವು. ಹಳೆಯ ಕೆಂಪು ಮಣ್ಣಿನ ಬಿಲ್ಲೆಗಳನ್ನು ಕಿತ್ತು, ಪುಡಿಮಾಡಿ, ಅಂಗಳದ ಹಳ್ಳಕ್ಕೆ ತುಂಬಿಸಿದೆವು. ಮೊದಲ ಮಳೆಗಾಲದಲ್ಲಿಯೇ, ಒದ್ದೆಗಾಲಿನಲ್ಲಿ ಪೂಜೆಗೆ ಬಂದ ಅಜ್ಜಿಯೊಬ್ಬರು ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡರು. ಚಿತ್ರದಲ್ಲಿ ಮಳೆ ಇರಲಿಲ್ಲ. ಒಪ್ಪಿಗೆಯ ಪತ್ರದ ಮೇಲಿದ್ದ ಸಹಿ ನನ್ನದು.

ಇಲ್ಲದ ನೆಲವೊಂದು ಇರುವ ನೆಲಕ್ಕಿಂತ ಹೆಚ್ಚು ನಿಜವಾಗಿ ಕಾಣುವುದಾದರೂ ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದಾಗ ನಾನು ತಲುಪಿದ್ದು ಕಂಪ್ಯೂಟರನ್ನಲ್ಲ, ಹದಿನಾಲ್ಕನೆಯ ಶತಮಾನದ ಇಟಲಿಯನ್ನು. ಸಿಯೆನಾ ನಗರದ ಆಂಬ್ರೋಜಿಯೋ ಲೊರೆಂಜೆಟ್ಟಿ 1344ರಲ್ಲಿ ಮಂಗಳವಾರ್ತೆಯ ಚಿತ್ರವೊಂದನ್ನು ಬರೆದ. ದೇವದೂತ ಗಬ್ರಿಯೇಲ ಮತ್ತು ಮಾತೆ ಮರಿಯಳ ಹಿಂದೆ ಹಳೆಯ ಪದ್ಧತಿಯಂತೆ ಬಂಗಾರದ ಹಿನ್ನೆಲೆಯೇ ಇದೆ. ಆದರೆ ಅವರ ಕಾಲಡಿಯ ಚೌಕ ಬಿಲ್ಲೆಗಳನ್ನು ನೋಡಿ: ಒಳಕ್ಕೆ ಸಾಗುವ ಗೆರೆಗಳೆಲ್ಲ ಒಂದೇ ಬಿಂದುವಿನತ್ತ ಓಡುತ್ತವೆ. ಮೇಲೆ ಅಳತೆಗೆ ಸಿಗದ ಬಂಗಾರ, ಕೆಳಗೆ ಅಳೆಯಬಹುದಾದ ನೆಲ. ಆ ಕೋಣೆಗೆ ಆಳವನ್ನು ಕೊಟ್ಟದ್ದು ಗೋಡೆಯಲ್ಲ, ನೆಲಗಟ್ಟು.

ಅದನ್ನು ಶಾಸ್ತ್ರವಾಗಿಸಿದವನು ಲಿಯೋನ್ ಬತಿಸ್ತಾ ಆಲ್ಬರ್ತಿ. ಪೋಪರ ಕಚೇರಿಯಲ್ಲಿ ಬರಹದ ಕೆಲಸದಲ್ಲಿದ್ದ ಈ ವಿದ್ವಾಂಸ 1435ರಲ್ಲಿ ಚಿತ್ರಕಲೆಯ ಕುರಿತು ಲತೀನ್ ಭಾಷೆಯಲ್ಲಿ ಗ್ರಂಥವೊಂದನ್ನು ಬರೆದ. ದೂರ ಹೋದಂತೆ ಬಿಲ್ಲೆಗಳ ಸಾಲು ಎಷ್ಟು ಕಿರಿದಾಗಬೇಕು ಎಂಬುದು ಅಂದಿನ ಚಿತ್ರಕಾರರ ತಲೆನೋವಾಗಿತ್ತು. ಒಂದೊಂದು ಸಾಲನ್ನೂ ಹಿಂದಿನದರ ಮೂರರಲ್ಲೆರಡು ಪಾಲಿಗೆ ಇಳಿಸುವ ರೂಢಿ ತಪ್ಪೆಂದು ತೋರಿಸಿದ ಆಲ್ಬರ್ತಿ, ನೋಡುವವನ ಕಣ್ಣು ಚಿತ್ರದಿಂದ ಎಷ್ಟು ದೂರದಲ್ಲಿದೆ ಎಂಬುದರಿಂದಲೇ ಲೆಕ್ಕ ಹಾಕುವ ಕ್ರಮವನ್ನು ಕೊಟ್ಟ. ಪರೀಕ್ಷೆಯೂ ಸರಳ. ಚೌಕದಿಂದ ಚೌಕಕ್ಕೆ ಮೂಲೆಯಿಂದ ಮೂಲೆಗೆ ಗೆರೆ ಎಳೆಯಿರಿ; ಅದು ಒಂದೇ ನೇರಗೆರೆಯಾದರೆ ನಿಮ್ಮ ನೆಲ ಸರಿ.

ಇಲ್ಲಿ ಒಂದು ಮಾತು ಸೇರಿಸದೆ ಮುಂದೆ ಹೋಗಲಾರೆ. ರೋಮಿನ ಸಂತ ಇಗ್ನಾಸಿಯವರ ದೇವಾಲಯದಲ್ಲಿ ಕಟ್ಟದೇ ಉಳಿದ ಗುಮ್ಮಟಕ್ಕೆ ಬದಲಾಗಿ ಯೇಸುಸಭೆಯ ಸಹೋದರ ಆಂದ್ರೆಯಾ ಪೊತ್ಸೊ 1685ರಲ್ಲಿ ಬಟ್ಟೆಯ ಮೇಲೆ ಗುಮ್ಮಟವನ್ನೇ ಚಿತ್ರಿಸಿದ. ಅದು ನಿಜವೆನಿಸುವುದು ಎಲ್ಲಿ ನಿಂತಾಗ ಎಂಬುದನ್ನು ದೇವಾಲಯದ ನೆಲದಲ್ಲಿಯೇ ಗುರುತು ಹಾಕಿ ತೋರಿಸಲಾಗಿದೆ. ಅಲ್ಲಿಂದ ನಾಲ್ಕು ಹೆಜ್ಜೆ ಸರಿದರೆ ಗುಮ್ಮಟ ಓರೆಯಾಗುತ್ತದೆ. ಭ್ರಮೆಯನ್ನು ಕಟ್ಟಿದರೂ ಅದರ ಮಿತಿಯನ್ನು ಕಾಲಡಿಯಲ್ಲೇ ಇಟ್ಟಿರುವ ಆ ಪ್ರಾಮಾಣಿಕತೆ ನನಗೆ ಬಹಳ ಹಿಡಿಸುತ್ತದೆ. ನಮ್ಮ ಸಮಿತಿಗೆ ತೋರಿಸಿದ ಚಿತ್ರದಲ್ಲಿ ಅಂತಹ ಗುರುತೇನೂ ಇರಲಿಲ್ಲ.

ಇನ್ನು ಕಂಪ್ಯೂಟರಿಗೆ ಬರೋಣ. ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದಲ್ಲಿ ಎಡ್ವಿನ್ ಕ್ಯಾಟ್ಮಲ್ 1974ರಲ್ಲಿ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದಲ್ಲಿ, ಗಣಿತದ ಮೂಲಕ ರೂಪಿಸಿದ ವಸ್ತುವಿನ ಮೇಲೆ ಚಿತ್ರವೊಂದನ್ನು ಹೊದಿಸುವ ವಿಧಾನವಿತ್ತು. ಈತನೇ ಮುಂದೆ ಪಿಕ್ಸಾರ್ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬ. ಹೀಗೆ ಹೊದಿಸುವ ಚಿತ್ರಕ್ಕೆ ಟೆಕ್ಸ್‌ಚರ್ ಎಂದು ಹೆಸರು. ಹಬ್ಬದ ದಿನ ಮೇಜಿಗೆ ಹೂವಿನ ಬಟ್ಟೆ ಹಾಸಿದಂತೆ ಎಂದುಕೊಳ್ಳಿ. ಮೇಜು ಬರೀ ಹಲಗೆ, ಕಣ್ಣಿಗೆ ಕಾಣುವುದೆಲ್ಲ ಬಟ್ಟೆಯೇ.

1980ರಲ್ಲಿ ಬೆಲ್ ಪ್ರಯೋಗಾಲಯದ ಟರ್ನರ್ ವಿಟೆಡ್ ಬೆಳಕಿನ ಕಿರಣಗಳ ಜಾಡು ಹಿಡಿದು ಚಿತ್ರ ರಚಿಸುವ ಕ್ರಮವನ್ನು ಪ್ರಕಟಿಸಿದ. ಅವನ ಪ್ರಸಿದ್ಧ ಚಿತ್ರದಲ್ಲಿ ಒಂದು ಗಾಜಿನ ಗೋಳ, ಒಂದು ಕನ್ನಡಿಯಂತಹ ಗೋಳ. ಅವುಗಳ ಕೆಳಗೆ ಕೆಂಪು ಹಳದಿ ಚೌಕಗಳ ನೆಲ. ಆ ನೆಲವೇ ಏಕೆ? ಗಾಜಿನಲ್ಲಿ ಬೆಳಕು ಬಾಗಿದ್ದು ಕಾಣಬೇಕಾದರೆ, ನೇರವಾಗಿದ್ದ ಗೆರೆಯೊಂದು ಬಾಗಿ ತೋರಬೇಕು. ಅಲ್ಲದೆ ಇಂತಹ ನೆಲದ ಲೆಕ್ಕ ಅತಿ ಸುಲಭ. ಬಿಂದುವೊಂದು ಎಷ್ಟನೆಯ ಸಾಲು, ಎಷ್ಟನೆಯ ಕಂಬದಲ್ಲಿದೆ ಎಂದು ಕೂಡಿಸಿದರೆ ಸಾಕು. ಮೊತ್ತ ಸಮಸಂಖ್ಯೆಯಾದರೆ ಒಂದು ಬಣ್ಣ, ಬೆಸವಾದರೆ ಇನ್ನೊಂದು. ಲೊರೆಂಜೆಟ್ಟಿಯಂತೆಯೇ ಈ ವಿಜ್ಞಾನಿಯೂ ಆಳವನ್ನು ತೋರಿಸಲು ಬಿಲ್ಲೆಗಳ ನೆಲವನ್ನೇ ಆಶ್ರಯಿಸಿದ.

ಆದರೆ ದೂರದ ಬಿಲ್ಲೆಗಳು ಮತ್ತೆ ತಕರಾರು ತೆಗೆದವು. ಪರದೆಯ ಒಂದು ಚುಕ್ಕೆಯೊಳಗೆ ನೂರಾರು ಬಿಲ್ಲೆಗಳು ಸೇರಬೇಕಾದಾಗ ಯಾವ ಬಣ್ಣವನ್ನು ತೋರಿಸಬೇಕು? ಒಂದನ್ನೇ ಆರಿಸಿದರೆ ದೂರದ ನೆಲ ಹುಳು ಹರಿದಂತೆ ಮಿಣುಗುತ್ತದೆ. 1983ರಲ್ಲಿ ಲ್ಯಾನ್ಸ್ ವಿಲಿಯಮ್ಸ್ ಪರಿಹಾರ ಹೇಳಿದ: ಟೆಕ್ಸ್‌ಚರನ್ನು ಅರ್ಧ ಅಳತೆಗೆ, ಅದರ ಅರ್ಧಕ್ಕೆ, ಹೀಗೆ ಒಂದೇ ಚುಕ್ಕೆಯಾಗುವವರೆಗೂ ಮೊದಲೇ ಇಳಿಸಿಟ್ಟುಕೊಳ್ಳಿ, ದೂರಕ್ಕೆ ತಕ್ಕಂತೆ ಚಿಕ್ಕದನ್ನು ಬಳಸಿ. ಇದಕ್ಕೆಲ್ಲ ತಗಲುವ ಹೆಚ್ಚುವರಿ ಜಾಗ ಮೂಲದ ಮೂರನೆಯ ಒಂದು ಪಾಲು ಮಾತ್ರ. ಈ ವಿಧಾನದ ಹೆಸರು ಮಿಪ್ ಮ್ಯಾಪಿಂಗ್. ಮಿಪ್ ಎಂದರೇನೆಂದು ಹುಡುಕಿದಾಗ ನಾನು ನಕ್ಕುಬಿಟ್ಟೆ. ಗುರುಮಠದಲ್ಲಿ ನಾವು ಕಷ್ಟಪಟ್ಟು ಕಲಿತ ಲತೀನ್ ಅಲ್ಲಿ ಕಾದು ಕುಳಿತಿತ್ತು: ಮುಲ್ತುಮ್ ಇನ್ ಪಾರ್ವೊ, ಕಿರಿದರಲ್ಲಿ ಹಿರಿದು.

ಇಷ್ಟಾದರೂ ಆ ನೆಲಗಳನ್ನು ಯಾರೂ ನಿಜವೆಂದು ನಂಬುತ್ತಿರಲಿಲ್ಲ. ಅವುಗಳ ದೋಷವೆಂದರೆ ದೋಷವೇ ಇಲ್ಲದಿರುವುದು! ಮುಂದಿನ ಕಥೆಯೆಲ್ಲ ಕುಂದುಗಳನ್ನು ಬುದ್ಧಿಪೂರ್ವಕವಾಗಿ ಸಂಪಾದಿಸಿದ ಕಥೆ. ಜೇಮ್ಸ್ ಬ್ಲಿನ್ 1978ರಲ್ಲಿಯೇ ಸಪಾಟಾದ ಮೇಲ್ಮೈ ಉಬ್ಬುತಗ್ಗಾಗಿ ತೋರುವಂತೆ ಬೆಳಕಿನ ಲೆಕ್ಕವನ್ನು ಮಾತ್ರ ಅಲುಗಿಸುವ ಉಪಾಯ ಕಂಡುಹಿಡಿದಿದ್ದ. 1982ರಲ್ಲಿ ಬಂದ ‘ಟ್ರಾನ್’ ಚಲನಚಿತ್ರಕ್ಕೆ ದುಡಿದ ಕೆನ್ ಪರ್ಲಿನ್, ಯಂತ್ರದ ಆ ಒಣ ನುಣುಪಿನಿಂದ ಬೇಸತ್ತು, ಅಮೃತಶಿಲೆಯ ನಾರು, ಮೋಡದ ಅಂಚುಗಳಂತಹ ಏರುಪೇರನ್ನು ಲೆಕ್ಕದಿಂದಲೇ ಹುಟ್ಟಿಸುವ ಸೂತ್ರವನ್ನು 1985ರಲ್ಲಿ ಪ್ರಕಟಿಸಿದ. ಆ ಕೆಲಸಕ್ಕಾಗಿ 1997ರಲ್ಲಿ ಆತನಿಗೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪುರಸ್ಕಾರವೂ ಸಂದಿತು.

ಮತ್ತೊಂದು ಕುತ್ತು ಪುನರಾವರ್ತನೆ. ಒಂದೇ ಬಿಲ್ಲೆಯ ಛಾಯಾಚಿತ್ರವನ್ನು ಸಾವಿರ ಸಲ ಹಾಸಿದರೆ, ಅದೇ ಕಲೆ ಅದೇ ಮೂಲೆಯಲ್ಲಿ ಸಾವಿರ ಸಲ ಕಾಣಿಸಿಕೊಳ್ಳುತ್ತದೆ. ಇಲ್ಲಿ ನೆರವಾದದ್ದು ತರ್ಕಶಾಸ್ತ್ರ! 1961ರಲ್ಲಿ ಹಾವೊ ವಾಂಗ್ ಎಂಬ ತರ್ಕಶಾಸ್ತ್ರಜ್ಞ, ಅಂಚುಗಳಿಗೆ ಬಣ್ಣವಿರುವ ಚೌಕ ಬಿಲ್ಲೆಗಳ ಬಗ್ಗೆ ಪ್ರಶ್ನೆಯೊಂದನ್ನು ಎತ್ತಿದ್ದ. ತಾಗುವ ಅಂಚುಗಳ ಬಣ್ಣ ಹೊಂದಬೇಕೆಂದರೆ, ಕೊಟ್ಟ ಬಿಲ್ಲೆಗಳಿಂದ ಕೊನೆಯಿಲ್ಲದ ನೆಲವನ್ನು ಹಾಸಲು ಸಾಧ್ಯವೇ ಎಂದು ಮೊದಲೇ ಹೇಳಬಹುದೆ? ಎಲ್ಲ ಸಂದರ್ಭಕ್ಕೂ ಉತ್ತರಿಸುವ ವಿಧಾನವೇ ಇರಲಾರದೆಂದು 1966ರಲ್ಲಿ ಅವನ ಶಿಷ್ಯ ರಾಬರ್ಟ್ ಬರ್ಗರ್ ಸಾಧಿಸಿದ. ಆ ಸಾಧನೆಯ ದಾರಿಯಲ್ಲಿ, ನೆಲ ತುಂಬಿಯೂ ಎಂದೂ ನಿಯತವಾಗಿ ಮರುಕಳಿಸದ ಬಿಲ್ಲೆಗಳ ಗುಂಪೊಂದು ದೊರಕಿತು. ಅದರಲ್ಲಿದ್ದವು 20,426 ಬಗೆ. 2015ರ ಹೊತ್ತಿಗೆ 11 ಬಗೆಗಳೇ ಸಾಕೆಂದು ತಿಳಿಯಿತು. 2003ರಿಂದೀಚೆಗೆ ಚಿತ್ರರಚಕರು ವಾಂಗನ ಬಿಲ್ಲೆಗಳನ್ನು ಬಳಸಿ, ಕೆಲವೇ ತುಣುಕುಗಳಿಂದ ಕಣ್ಣಿಗೆ ಮರುಕಳಿಸದಂತೆ ತೋರುವ ವಿಸ್ತಾರವನ್ನು ಹಾಸತೊಡಗಿದರು.

ಇಂದು ನಂಬಿಸುವಂತಹ ನೆಲಕ್ಕೆ ಒಂದೇ ಚಿತ್ರ ಸಾಲದು. ಬಣ್ಣಕ್ಕೊಂದು ಪದರ, ಏರುತಗ್ಗಿಗೊಂದು, ನುಣುಪು ಒರಟಿಗೊಂದು. ಕಾಲ್ತುಳಿತವಿರುವಲ್ಲಿ ಹೊಳಪು ಒಂದು ಬಗೆ, ಗೋಡೆಯ ಬದಿಯಲ್ಲಿ ಇನ್ನೊಂದು ಬಗೆ. ಸಂದಿಯ ಗಾರೆ ಬಿಲ್ಲೆಗಿಂತ ತುಸು ತಗ್ಗಿನಲ್ಲಿದ್ದು ಕೊಳೆ ಹಿಡಿದಿರಬೇಕು. ಒಂದೆರಡು ಬಿಲ್ಲೆಗಳು ಕೂದಲೆಳೆಯಷ್ಟು ಓರೆಯಾಗಿರಬೇಕು.

ಇದನ್ನೆಲ್ಲ ತಿಳಿದ ಮೇಲೆ ಆ ಹಳೆಯ ಚಿತ್ರವನ್ನು ಕಡತದಿಂದ ತೆಗೆದು ನೋಡಿದೆ. ಒಂದೇ ಬೂದು ನಾರು ಪ್ರತಿ ನಾಲ್ಕನೆಯ ಬಿಲ್ಲೆಯಲ್ಲಿ ಮರಳಿ ಬರುತ್ತಿತ್ತು. ಸಂದಿಗಳೇ ಇರಲಿಲ್ಲ. ಅಂದು ನಮಗೆ ಕಾಣದೆ ಹೋದದ್ದು ಅದು. ಆದರೆ ಕಾಲಡಿಯಲ್ಲಿಯೇ ಇದ್ದ ನೆಲವನ್ನೂ ನಾವು ಅಂದು ನೋಡಿರಲಿಲ್ಲ.

ಬೆಂಗಳೂರಿನಲ್ಲಿ ಚಲನಚಿತ್ರಗಳ ದೃಶ್ಯರಚನೆಯ ಕೆಲಸದಲ್ಲಿರುವ, ಅದೇ ಧರ್ಮಕೇಂದ್ರದ ಹುಡುಗನೊಬ್ಬ ಕಳೆದ ವರ್ಷ ದೂರವಾಣಿಯಲ್ಲಿ ಕೇಳಿದ: “ಫಾದರ್, ನಮ್ಮ ಗುಡಿಯ ಹಳೇ ಟೈಲ್ಸ್ ಇದಾವಾ? ಸವೆದಿರೋದೇ ಬೇಕು. ಹೊಸದು ಎಲ್ಲಿ ಬೇಕಾದ್ರೂ ಸಿಗುತ್ತೆ.” ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯಲ್ಲಿ ಬೆಳೆದ ಉದ್ಯಮದ ಕೂಸುಗಳವು, ನಾವು ಹಳ್ಳಕ್ಕೆ ಸುರಿದ ಬಿಲ್ಲೆಗಳು. ಗಂಟೆಗೋಪುರದ ಕೆಳಗಿನ ಕೋಣೆಯಲ್ಲಿ, ಮುರಿದ ಬೆಂಚಿನ ಕಾಲಿಗೆ ಒತ್ತುಕೊಟ್ಟಿದ್ದ ಒಂಬತ್ತು ಮಾತ್ರ ಉಳಿದಿದ್ದವೆಂದು ಈಗಿನ ಗುರುಗಳು ತಿಳಿಸಿದರು. ನಾನೇ ಹೋಗಿ ತೊಳೆದು, ಹುಡುಗ ಹೇಳಿದಂತೆ ನೆರಳು ಬೀಳದ ಮೋಡದ ದಿನಕ್ಕಾಗಿ ಎರಡು ದಿನ ಕಾದು, ಒಂದೊಂದನ್ನೂ ಛಾಯಾಚಿತ್ರ ತೆಗೆದೆ. ಎರಡು ಬಿಲ್ಲೆಗಳ ನಡುಭಾಗ ಬೆರಳಿಗೆ ತಿಳಿಯುವಷ್ಟು ತಗ್ಗಾಗಿತ್ತು. ಮೊಣಕಾಲೂರಿದ ಜಾಗವಿರಬೇಕು.