ಮಂಡ್ಯದ ನೆಲದಲ್ಲಿ ಮೂರು ಯುದ್ಧನೀತಿಗಳು

ಯುದ್ಧತಂತ್ರದ ಮಾತು ಬಂದಾಗ ಒಂದೊಂದು ದೇಶಕ್ಕೆ ಒಂದೊಂದು ಹಣೆಪಟ್ಟಿ ಹಚ್ಚುವುದು ನಮ್ಮಲ್ಲಿ ವಾಡಿಕೆಯಾಗಿದೆ. ಇಂಗ್ಲಿಷರದು ಶಿಸ್ತು, ಮರಾಠರದು ಮಿಂಚಿನ ದಾಳಿ, ರಷ್ಯನ್ನರದು ಹಿಂದೆ ಸರಿದು ಶತ್ರುವನ್ನು ಹಸಿವಿಗೆ ಒಪ್ಪಿಸುವ ತಾಳ್ಮೆ ಎಂದೆಲ್ಲ ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತೇವೆ. ಈ ಹಣೆಪಟ್ಟಿಗಳು ಎಷ್ಟು ನಿಜವೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಮದ್ದೂರು ತಾಲ್ಲೂಕಿನ ಕೊಪ್ಪದಿಂದ ಹೊರಟರೆ ಚಿನಕುರಳಿ, ಅರಕೆರೆ, ಮಳವಳ್ಳಿ, ಶ್ರೀರಂಗಪಟ್ಟಣಗಳನ್ನು ಒಂದೇ ದಿನದಲ್ಲಿ ಬಸ್ಸಿನಲ್ಲಿ ಸುತ್ತಿ ಬರಬಹುದು. 1771ರಿಂದ 1799ರವರೆಗೆ ಮೈಸೂರು, ಮರಾಠ ಮತ್ತು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಗಳು ಇದೇ ನೆಲದ ಮೇಲೆ ತಮ್ಮ ತಮ್ಮ ರೀತಿಯಲ್ಲಿ ಸೆಣಸಿದವು.

ಮರಾಠರ ಬಲವಿದ್ದುದು ಕುದುರೆಯಲ್ಲಿ. 1771ರ ಮಾರ್ಚ್‌ನಲ್ಲಿ ಹೈದರಾಲಿ ಮೇಲುಕೋಟೆಯಿಂದ ರಾತ್ರೋರಾತ್ರಿ ಶ್ರೀರಂಗಪಟ್ಟಣದತ್ತ ಜಾರಿಕೊಳ್ಳಲು ಹೊರಟಾಗ, ತ್ರಿಂಬಕರಾಯನ ಸವಾರರು ಅವನನ್ನು ಚಿನಕುರಳಿಯ ಬಳಿ ಅಡ್ಡಗಟ್ಟಿ ಸೈನ್ಯವನ್ನೇ ಚೆಲ್ಲಾಪಿಲ್ಲಿ ಮಾಡಿದರು. ಆದರೆ ಗೆದ್ದವರಿಗೆ ಶ್ರೀರಂಗಪಟ್ಟಣದ ಕೋಟೆ ದಕ್ಕಲಿಲ್ಲ. ಬಯಲನ್ನು ಗೆಲ್ಲುವ ಕುದುರೆ ಕೋಟೆಯ ಗೋಡೆಯನ್ನು ಒಡೆಯಲಾರದು.

ಹೈದರನೂ ಕುದುರೆಯ ಯುದ್ಧದಲ್ಲಿ ನುರಿತವನೇ. 1769ರಲ್ಲಿ ಕಂಪನಿಯ ಸೈನ್ಯವನ್ನು ಹಿಂದೆ ಬಿಟ್ಟು, ಆಯ್ದ ಸವಾರರೊಂದಿಗೆ ಮದರಾಸಿನ ಬಾಗಿಲಿಗೇ ಹೋಗಿ ನಿಂತು ಒಪ್ಪಂದ ಬರೆಸಿಕೊಂಡವನು ಅವನು. ಮಗ ಟಿಪ್ಪು ಕವಾಯತು ಕಲಿತ ಪದಾತಿದಳಕ್ಕೆ, ಕೋಟೆಗಳಿಗೆ, ರಾಕೆಟ್ಟುಗಳಿಗೆ ಹೆಚ್ಚು ಒತ್ತು ಕೊಟ್ಟ. ಇಬ್ಬರೂ ಬಿಡದೆ ಹಿಡಿದ ಉಪಾಯವೊಂದಿತ್ತು: ಶತ್ರು ಬರುವ ದಾರಿಯ ಹುಲ್ಲು, ಧಾನ್ಯ, ನೀರು ಅವನ ಕೈಗೆ ಸಿಗದಂತೆ ಮಾಡುವುದು.

ಅದರ ಪರಿಣಾಮ ಕಂಡದ್ದು 1791ರಲ್ಲಿ. ಮಾರ್ಚ್ 21ರಂದು ಬೆಂಗಳೂರನ್ನು ಹಿಡಿದ ಕಾರ್ನ್‌ವಾಲಿಸ್, ಮೇ ತಿಂಗಳಲ್ಲಿ ಚನ್ನಪಟ್ಟಣದ ನೇರ ರಸ್ತೆ ಬಿಟ್ಟು ಕಾನಕಾನಹಳ್ಳಿ, ಎಂದರೆ ಇಂದಿನ ಕನಕಪುರದ ಮಾರ್ಗವಾಗಿ ಬಂದ. ಕೋಟೆ ಒಡೆಯುವ ಭಾರಿ ತೋಪುಗಳಲ್ಲಿ ಒಂದೊಂದನ್ನು ಎಳೆಯಲು ಹತ್ತಾರು ಎತ್ತುಗಳು ಬೇಕು. ಆ ಎತ್ತುಗಳಿಗೆ ಹುಲ್ಲು ಬೇಕು. ದಾರಿಯಲ್ಲಿ ಹುಲ್ಲಿರಲಿಲ್ಲ. ಮೇ 15ರಂದು ಅರಕೆರೆಯ ಬಳಿ ನಡೆದ ಯುದ್ಧದಲ್ಲಿ ಕಾರ್ನ್‌ವಾಲಿಸ್ ಗೆದ್ದ. ನಮ್ಮ ಪುಸ್ತಕಗಳು ಸಾಮಾನ್ಯವಾಗಿ ಈ ಗೆಲುವಿನ ಬಳಿ ಒಂದು ಬಾಣದ ಗುರುತು ಹಾಕಿ ಮುಂದೆ ಸಾಗುತ್ತವೆ. ಮುಂದಿನ ವಾರವೇ ಗೆದ್ದವನು ಕಣ್ಣಂಬಾಡಿಯ ಬಳಿ ತನ್ನ ತೋಪುಗಳನ್ನು ತಾನೇ ಒಡೆಸಿ ಹಾಕಬೇಕಾಯಿತು. ಮುಂಗಾರು ಬೇಗ ಬಂದಿತ್ತು, ರೋಗ ಹರಡಿತ್ತು, ಎತ್ತುಗಳು ಸಾವಿರಗಟ್ಟಲೆ ಸತ್ತಿದ್ದವು. ಮಿತ್ರರಾದ ಮರಾಠರು ಹತ್ತಿರವೇ ಇದ್ದರೂ, ಟಿಪ್ಪುವಿನ ಸವಾರರು ಸುದ್ದಿಗಾರರನ್ನು ತಡೆದಿದ್ದರಿಂದ ಆ ವಿಷಯ ಕಾರ್ನ್‌ವಾಲಿಸನಿಗೆ ತಿಳಿಯಲೇ ಇಲ್ಲ. ಹಿಮ್ಮೆಟ್ಟಲು ಹೊರಟ ಮೇಲೆ ಹರಿಪಂತ ಮತ್ತು ಪರಶುರಾಮ ಭಾವುವಿನ ದಂಡು ಎದುರಾಯಿತು. ಆ ದಂಡಿನ ಬಜಾರಿನಲ್ಲಿ ಧಾನ್ಯ ಧಾರಾಳವಾಗಿತ್ತು, ಬೆಲೆಯೂ ಹಾಗೆಯೇ ಇತ್ತು! ಹಸಿದ ಸೈನ್ಯ ಕೊಂಡು ತಿಂದಿತು.

ಇದಾದ ಮೇಲೆ ಕಂಪನಿ ಮಾಡಿದ ಕೆಲಸವನ್ನು ಗಮನಿಸಿ. ಕಾರ್ನ್‌ವಾಲಿಸ್ ಮತ್ತೆ ಕೂಡಲೇ ಶ್ರೀರಂಗಪಟ್ಟಣಕ್ಕೆ ಧಾವಿಸಲಿಲ್ಲ. ನಂದಿದುರ್ಗ, ಸಾವನದುರ್ಗ, ಹುತ್ರಿದುರ್ಗಗಳನ್ನು ಹಿಡಿದು ದಾರಿಯನ್ನು ಭದ್ರಪಡಿಸಿಕೊಂಡ. ಎತ್ತುಗಳ ಮೇಲೆ ಧಾನ್ಯ ಹೇರಿ ಊರೂರು ಸುತ್ತುತ್ತಿದ್ದ ಲಂಬಾಣಿಗಳ ವ್ಯಾಪಾರವನ್ನು ತನ್ನ ಸೈನ್ಯದತ್ತ ತಿರುಗಿಸಿಕೊಂಡ. 1792ರ ಫೆಬ್ರವರಿಯಲ್ಲಿ ಅವನು ಮರಳಿ ಬಂದಾಗ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. ಇಂಗ್ಲಿಷರ ಶಿಸ್ತೆಂದು ನಾವು ಹೊಗಳುವುದರಲ್ಲಿ ಲಂಬಾಣಿಗಳ ಎತ್ತುಗಳ ಪಾಲೂ ಸಾಕಷ್ಟಿದೆ ಎಂಬುದು ನನ್ನ ಅಭಿಪ್ರಾಯ.

ಎತ್ತಿನ ಬೆಲೆ ಮೈಸೂರಿಗೂ ಗೊತ್ತಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಹೈದರ್ ಸೈನ್ಯದ ಸಾಗಾಟಕ್ಕೆ ಬೆಳೆಸಿದ. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ನಿಮ್ಮ ಊರಿನ ಹಳ್ಳಿಕಾರ್ ಎತ್ತುಗಳು ಈ ತಳಿಯ ಹತ್ತಿರದ ಬಂಧುಗಳೇ.

1799ರಲ್ಲಿ ಅದೇ ಉಪಾಯ ಕೈಕೊಟ್ಟಿತು. ಮಾರ್ಚ್ 27ರಂದು ಮಳವಳ್ಳಿಯ ಬಳಿ ಜನರಲ್ ಹ್ಯಾರಿಸ್‌ನ ಸೈನ್ಯ ಟಿಪ್ಪುವನ್ನು ಹಿಮ್ಮೆಟ್ಟಿಸಿತು. ಮುಂದೆ ಅವರು 1791ರಂತೆ ಅರಕೆರೆಯ ದಾರಿಯನ್ನೇ ಹಿಡಿಯುತ್ತಾರೆಂದು ಟಿಪ್ಪು ಎಣಿಸಿ, ಆ ಭಾಗದ ಮೇವನ್ನು ಬರಿದು ಮಾಡಿಸಿದ್ದ. ಹ್ಯಾರಿಸ್ ಪಕ್ಕಕ್ಕೆ ತಿರುಗಿ ಸೋಸಲೆಯ ಬಳಿ ಕಾವೇರಿಯನ್ನು ದಾಟಿದ. ಆಚೆ ದಡದಲ್ಲಿ ಮೇವು ಹಾಗೆಯೇ ಇತ್ತು. ಆದರೂ ಮುತ್ತಿಗೆಯ ಹೊತ್ತಿಗೆ ಕಂಪನಿಯ ಅಕ್ಕಿ ಮುಗಿಯುತ್ತಾ ಬಂದಿತ್ತು. ಕಾವೇರಿಗೆ ಪ್ರವಾಹ ಬರುವವರೆಗೆ ಕೋಟೆ ನಿಂತಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಮಡಿದ.

ಮಳವಳ್ಳಿಯಲ್ಲಿ ಕಂಪನಿಯ ಒಂದು ಪಾರ್ಶ್ವವನ್ನು ನಡೆಸಿದವನು ಆರ್ಥರ್ ವೆಲ್ಲೆಸ್ಲಿ. 1810ರಲ್ಲಿ ಇದೇ ವೆಲ್ಲೆಸ್ಲಿ, ಆಗ ವೆಲ್ಲಿಂಗ್ಟನ್, ಪೋರ್ಚುಗಲ್ಲಿನಲ್ಲಿ ಫ್ರೆಂಚರ ಎದುರು ನಿಂತಿದ್ದ. ದಾರಿಯ ಹಳ್ಳಿಗಳನ್ನು ಬರಿದು ಮಾಡಿಸಿ, ಲಿಸ್ಬನ್ ಬಳಿಯ ಟೊರೆಸ್ ವೆದ್ರಾಸ್ ಕೋಟೆಸಾಲಿನ ಹಿಂದೆ ಕುಳಿತ. ಫ್ರೆಂಚ್ ಸೇನಾನಿ ಮಸೇನಾ 1811ರ ಮಾರ್ಚ್‌ನಲ್ಲಿ ಹಸಿದ ಸೈನ್ಯದೊಂದಿಗೆ ಹಿಂದಿರುಗಿದ. ಮರುವರ್ಷ ರಷ್ಯನ್ನರು ನೆಪೋಲಿಯನ್ನನಿಗೆ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿದರು. ವೆಲ್ಲಿಂಗ್ಟನ್ ಇದನ್ನು ಟಿಪ್ಪುವಿನಿಂದ ಕಲಿತನೆಂದು ನಾನು ಹೇಳುತ್ತಿಲ್ಲ. ಪೋರ್ಚುಗಲ್ಲಿನಲ್ಲೂ ಈ ಪದ್ಧತಿ ಹಳೆಯದೇ. ಶತ್ರು ಬಲವಾಗಿದ್ದು ಅವನ ಊಟ ದೂರದಿಂದ ಬರಬೇಕಾದಾಗ ಮೈಸೂರಿನವನಿಗೂ ಇಂಗ್ಲಿಷನಿಗೂ ರಷ್ಯನ್ನನಿಗೂ ಹೊಳೆದ ಯುಕ್ತಿ ಒಂದೇ.

ಸುಟ್ಟ ಬಣವೆ ಯಾರದು ಎಂಬ ಪ್ರಶ್ನೆ ಮಾತ್ರ ಸೇನಾನಿಗಳ ಪತ್ರಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಆಗ ಈ ಸೀಮೆಗೆ ವಿಶ್ವೇಶ್ವರಯ್ಯ ನಾಲೆ ಇರಲಿಲ್ಲ. ರಾಗಿ ಮಳೆಯನ್ನೇ ನಂಬಿತ್ತು. ಒಂದು ಬೆಳೆ ಹೋದರೆ ಮುಂದಿನ ಮಳೆಗಾಲದವರೆಗೆ ಕಾಯಬೇಕು. ಕೋಟೆ ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮಂಡ್ಯ, ಮದ್ದೂರುಗಳ ಮೇಲೆ ಹಾದುಹೋದಾಗ, ಯುದ್ಧದಿಂದ ಹಾಳಾದ ಊರುಗಳನ್ನು ಕಂಡು ಬರೆದಿಟ್ಟ.