ಹಾಥಾರ್ನ್ ಕಾರ್ಖಾನೆಯ ಬಲ್ಬು

ಮಾನವ ಸಂಪನ್ಮೂಲ ಅಂತ ಇವತ್ತು ಕಾಲೇಜಿನಲ್ಲಿ ಓದುವ ಮಕ್ಕಳ ಪಾಠದ ಹಿಂದೆ ಒಂದು ಬಲ್ಬಿನ ಕಥೆ ಇದೆ. ಅಮೆರಿಕದ ಚಿಕಾಗೋ ಹತ್ತಿರ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆ ಇತ್ತು, ಟೆಲಿಫೋನ್ ಸಾಮಾನು ಮಾಡೋದು. ಬೆಳಕು ಹೆಚ್ಚಿಸಿದರೆ ಕೆಲಸವೂ ಹೆಚ್ಚುತ್ತದೆಯೇ ಎಂದು ಅಲ್ಲಿ 1924ರಲ್ಲಿ ಪರೀಕ್ಷೆ ಶುರುವಾಯ್ತು. ಬೆಳಕು ಕಡಿಮೆ ಮಾಡಿದಾಗಲೂ ಕೆಲಸ ಇಳಿಯಲಿಲ್ಲ! ಒಮ್ಮೆ ಎಲೆಕ್ಟ್ರಿಷಿಯನ್ ಬಂದು ಹಳೇ ಬಲ್ಬು ತೆಗೆದು ಅಷ್ಟೇ ಬೆಳಕಿನ ಬಲ್ಬು ಹಾಕಿದ. ಬೆಳಕು ಜಾಸ್ತಿಯಾಯ್ತು, ಚೆನ್ನಾಗಿದೆ ಅಂದರು ಕೆಲಸದ ಹೆಣ್ಣುಮಕ್ಕಳು.

ಆಮೇಲೆ ಹಾರ್ವರ್ಡ್ ವಿಶ್ವವಿದ್ಯಾಲಯದ ಎಲ್ಟನ್ ಮೇಯೋ ಮತ್ತವರ ಜೊತೆಗಾರರು ಸೇರಿಕೊಂಡರು. 1928ರಿಂದ 20,000ಕ್ಕೂ ಹೆಚ್ಚು ಕೆಲಸಗಾರರನ್ನು ಮಾತಾಡಿಸಲಾಯಿತು. 1931ರಲ್ಲಿ ವೈರಿಂಗ್, ಸೋಲ್ಡರಿಂಗ್, ತಪಾಸಣೆ ಮಾಡುವ 14 ಗಂಡಸರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಗಮನಿಸಿದರು. ಹೆಚ್ಚು ಮಾಡಿದರೆ ಹೆಚ್ಚು ಕೂಲಿ ಇತ್ತು. ಆದರೂ ದಿನಕ್ಕೆ ಇಷ್ಟೇ ಎಂದು ಅವರೇ ಗೆರೆ ಹಾಕಿಕೊಂಡಿದ್ದರು. ಜಾಸ್ತಿ ಮಾಡಿದರೆ ರೇಟು ಇಳಿಸ್ತಾರೆ, ಜನ ತೆಗೀತಾರೆ ಅನ್ನೋ ಭಯ.

ಭಯಕ್ಕೆ ಕಾರಣ ಕಣ್ಣೆದುರೇ ಇತ್ತು. ಆ ಆರ್ಥಿಕ ಕುಸಿತದಲ್ಲಿ ಅದೇ ಕಾರ್ಖಾನೆಯ ಸಾವಿರಾರು ಜನ ಕೆಲಸ ಕಳಕೊಂಡರು. ಅವರ ಮಾತನ್ನು ಬರೆದುಕೊಂಡವರಿದ್ದರು, ಕೆಲಸ ಉಳಿಸಿಕೊಡುವವರು ಇರಲಿಲ್ಲ.

ಇಲ್ಲಿ ಗಲ್ಫಿನಲ್ಲೂ ವಿದ್ಯಾರ್ಥಿಗಳು ಪ್ರಶ್ನೆಪಟ್ಟಿ ಹಿಡಿದು ನಮ್ಮಂಥವರ ಹತ್ತಿರ ಬಂದರೆ ಸಂತೋಷವೇ. ಆದರೆ ಫೋರ್‌ಮನ್ ಪಕ್ಕದಲ್ಲಿ ನಿಂತಿದ್ದರೆ ಎಲ್ಲದಕ್ಕೂ ‘ತೃಪ್ತಿ ಇದೆ’ ಅಂತಲೇ ಟಿಕ್ ಬೀಳೋದು. ಹೆಸರು ಹೊರಗೆ ಹೋಗಲ್ಲ, ಕೆಲಸಕ್ಕೆ ಧಕ್ಕೆ ಬರಲ್ಲ ಅನ್ನೋ ಭರವಸೆ ಮೊದಲು ಕೊಡಿ. ಆಗ ನಿಜ ಹೇಳ್ತೀವಿ.